ದೊಡ್ಡ ಗೇರಿನ ಪಕ್ಕದ ಸಣ್ಣ ಲಿವರ್: ಹಳೆಯ ಫೋರ್‌ವೀಲ್ ಗಾಡಿಯ ಟ್ರಾನ್ಸ್‌ಫರ್ ಬಾಕ್ಸ್



ಕೊಲ್ಲಿ ನಾಡಿನಲ್ಲಿ ಚಳಿಗಾಲ ಶುರುವಾಯಿತೆಂದರೆ ನಮ್ಮವರ ವಾರಾಂತ್ಯಗಳೆಲ್ಲ ಮರಳುಗಾಡಿಗೆ, ವಾದಿಗಳಿಗೆ, ಬೆಟ್ಟಗಳಿಗೆ ಮೀಸಲು. ಈಚೆಗೆ ನಮ್ಮ ಕನ್ನಡಿಗರಲ್ಲಿ ಅನೇಕರು ಹಳೆಯ ಫೋರ್‌ವೀಲ್ ಗಾಡಿಗಳನ್ನು ಕೊಳ್ಳುತ್ತಿದ್ದಾರೆ. ತೊಂಬತ್ತರ ದಶಕದ ನಿಸ್ಸಾನ್ ಪೆಟ್ರೋಲ್, ಟೊಯೋಟಾ ಲ್ಯಾಂಡ್ ಕ್ರೂಸರ್, ಲ್ಯಾಂಡ್ ರೋವರ್ ಡಿಫೆಂಡರ್ ಇಂಥವು. ಗಟ್ಟಿ ಗಾಡಿಗಳು, ಬೆಲೆಯೂ ಕೈಗೆಟುಕುತ್ತದೆ. ಆದರೆ ಹೊಸ ಗಾಡಿಗಳಲ್ಲಿ ಒಂದು ಗುಂಡಿ ತಿರುಗಿಸಿದರೆ ಕಂಪ್ಯೂಟರೇ ಯೋಚಿಸಿ ಮಾಡುವ ಕೆಲಸವನ್ನು ಈ ಹಳೆಯ ಗಾಡಿಗಳಲ್ಲಿ ನಾವೇ ಯೋಚಿಸಿ ಮಾಡಬೇಕು. ಅದಕ್ಕಾಗಿ ಗೇರ್ ಲಿವರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಲಿವರ್ ಕೊಟ್ಟಿರುತ್ತಾರೆ. ನಾನು ಬಹಳ ವರ್ಷ ಮಸ್ಕತ್ತಿನ ವರ್ಕ್‌ಶಾಪಿನಲ್ಲಿ ಇಂಥ ಗಾಡಿಗಳ ಕೆಳಗೆ ಮಲಗಿ ಕೆಲಸ ಮಾಡಿದವನು. ರಿಪೇರಿಗೆ ಬರುವ ಟ್ರಾನ್ಸ್‌ಫರ್ ಬಾಕ್ಸುಗಳಲ್ಲಿ ಸವೆದು ಹಾಳಾದವುಗಳ ಜೊತೆಗೆ, ಲಿವರ್ ಎಲ್ಲಿ ಹಾಕಬೇಕು ಎಂದು ತಿಳಿಯದೆ ಹಾಳು ಮಾಡಿದವೂ ಸಾಕಷ್ಟಿರುತ್ತವೆ. ಗಾಡಿ ಹಾಳಾದರೆ ದುಡ್ಡು ಹೋದೀತು. ಇಳಿಜಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ತಪ್ಪು ಲಿವರ್ ಹಾಕಿದರೆ ಹೋಗುವುದು ದುಡ್ಡು ಮಾತ್ರ ಅಲ್ಲ. ಆದ್ದರಿಂದ ಇವತ್ತಿನ ಮಾತು ಪೂರ್ತಿ ಆ ಸಣ್ಣ ಲಿವರಿನ ಬಗ್ಗೆ.

ಮೊದಲು ಈ ಬಾಕ್ಸ್ ಏನು ಮಾಡುತ್ತದೆ ಎಂದು ನೋಡೋಣ. ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ಬರುತ್ತದೆ. ಮಾಮೂಲಿ ಗಾಡಿಯಲ್ಲಿ ಅಲ್ಲಿಂದ ನೇರ ಹಿಂದಿನ ಚಕ್ರಗಳಿಗೋ ಮುಂದಿನ ಚಕ್ರಗಳಿಗೋ ಹೋಗುತ್ತದೆ. ಫೋರ್‌ವೀಲ್ ಗಾಡಿಯಲ್ಲಿ ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದೇ ಟ್ರಾನ್ಸ್‌ಫರ್ ಬಾಕ್ಸ್. ಅದರಿಂದ ಒಂದು ಪ್ರೊಪೆಲ್ಲರ್ ಶಾಫ್ಟ್ ಹಿಂದಕ್ಕೆ, ಇನ್ನೊಂದು ಮುಂದಕ್ಕೆ ಹೋಗುತ್ತದೆ. ಇದಕ್ಕೆ ಎರಡು ಕೆಲಸ. ಒಂದು, ಶಕ್ತಿಯನ್ನು ಹಿಂದಕ್ಕೆ ಮಾತ್ರ ಕೊಡಬೇಕೋ ಹಿಂದೆ ಮುಂದೆ ಎರಡಕ್ಕೂ ಕೊಡಬೇಕೋ ಎಂಬ ಹಂಚಿಕೆ. ಎರಡು, ಮಾಮೂಲಿ ವೇಗಕ್ಕೆ ಕೊಡಬೇಕೋ, ವೇಗ ಇಳಿಸಿ ಎಳೆತ ಹೆಚ್ಚಿಸಿ ಕೊಡಬೇಕೋ ಎಂಬ ಆಯ್ಕೆ. ಸಣ್ಣ ಲಿವರಿನ ಮೇಲೆ ಬರೆದಿರುವ ಅಂಕಿ ಅಕ್ಷರಗಳೆಲ್ಲ ಈ ಎರಡು ಪ್ರಶ್ನೆಗಳಿಗೆ ಉತ್ತರ. ಅಂಕಿ ಎಂದರೆ ಎಷ್ಟು ಚಕ್ರ. ಎಚ್ ಎಂದರೆ ಹೈ, ಎಲ್ ಎಂದರೆ ಲೋ.

ಪೆಟ್ರೋಲ್ ಗಾಡಿಯಲ್ಲೂ ನಮ್ಮೂರಿನ ಮಾರುತಿ ಜಿಪ್ಸಿಯಲ್ಲೂ 2ಎಚ್, 4ಎಚ್, ಎನ್, 4ಎಲ್ ಎಂದು ಬರೆದಿರುತ್ತದೆ. ಟೊಯೋಟಾದವರು ಅದನ್ನೇ ತಿರುಗಿಸಿ ಎಚ್2, ಎಚ್4, ಎಲ್4 ಎನ್ನುತ್ತಾರೆ. ಅರ್ಥ ಒಂದೇ.

2ಎಚ್ ನಿತ್ಯದ ಜಾಗ. ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ. ಟಾರು ರಸ್ತೆ, ಹೆದ್ದಾರಿ, ಮಾಲ್‌ನ ಪಾರ್ಕಿಂಗ್, ಎಲ್ಲಕ್ಕೂ ಇದೇ.

4ಎಚ್ ಹಾಕಿದರೆ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದಕ್ಕೊಂದು ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ. ವೇಗ ಮಾಮೂಲಿನಂತೆಯೇ ಇರುತ್ತದೆ. ಮರಳು, ಜಲ್ಲಿ ರಸ್ತೆ, ಕೆಸರು, ವಾದಿಯ ಕಲ್ಲುಹಾಸು, ಇವಕ್ಕೆ ಇದು.

4ಎಲ್ ಹಾಕಿದರೆ ನಾಲ್ಕು ಚಕ್ರದ ಜೊತೆಗೆ ಗೇರಿನ ಅನುಪಾತವೂ ಬದಲಾಗುತ್ತದೆ. 1941ರಲ್ಲಿ ಬಂದ ವಿಲ್ಲಿಸ್ ಎಂಬಿ ಜೀಪಿನಲ್ಲಿ ಈ ಅನುಪಾತ 1.97. ಅಂದರೆ ಅದೇ ಗೇರು, ಅದೇ ಎಂಜಿನ್ ವೇಗದಲ್ಲಿ ಗಾಡಿ ಸುಮಾರು ಅರ್ಧ ವೇಗದಲ್ಲಿ ಹೋಗುತ್ತದೆ, ಚಕ್ರದಲ್ಲಿ ಎಳೆತ ಸುಮಾರು ಎರಡು ಪಟ್ಟಾಗುತ್ತದೆ. ಇದರಲ್ಲಿ ಹೊಸ ಶಕ್ತಿ ಏನೂ ಹುಟ್ಟುವುದಿಲ್ಲ. ವೇಗವನ್ನು ಕೊಟ್ಟು ಎಳೆತವನ್ನು ಕೊಂಡಂತೆ. ಕಡಿದಾದ ಏರು, ಕಡಿದಾದ ಇಳಿವು, ದೊಡ್ಡ ಬಂಡೆ, ಹೂತ ಗಾಡಿಯನ್ನು ಎಳೆಯುವುದು, ಇವು ಅದರ ಕೆಲಸ. ಗಂಟೆಗೆ 30, 40 ಕಿಲೋಮೀಟರಿಗಿಂತ ಮೇಲೆ ಓಡಿಸಲು ಅದು ಇರುವುದಲ್ಲ.

ಇನ್ನು ಎನ್, ನ್ಯೂಟ್ರಲ್. ಇದರ ಬಗ್ಗೆ ಆಮೇಲೆ ಪ್ರತ್ಯೇಕವಾಗಿ ಹೇಳುತ್ತೇನೆ. ಅಪಾಯ ಹೆಚ್ಚು ಇರುವುದು ಅಲ್ಲೇ.

ನನ್ನನ್ನು ಬಹಳ ಮಂದಿ ಕೇಳುವ ಪ್ರಶ್ನೆ ಒಂದಿದೆ. ನಾಲ್ಕು ಚಕ್ರ ಎಳೆದರೆ ಹಿಡಿತ ಜಾಸ್ತಿಯಲ್ಲವಾ, ಹಾಗಾದರೆ ಯಾವಾಗಲೂ 4ಎಚ್‌ನಲ್ಲೇ ಓಡಿಸಿದರೇನು? ಇದಕ್ಕೆ ಉತ್ತರ ತಿರುವಿನಲ್ಲಿದೆ.

ಗಾಡಿ ತಿರುಗುವಾಗ ಮುಂದಿನ ಚಕ್ರಗಳು ಹೋಗುವ ದಾರಿ ಹಿಂದಿನ ಚಕ್ರಗಳ ದಾರಿಗಿಂತ ಉದ್ದ. ಮಳೆ ಬಿದ್ದ ಅಂಗಳದಲ್ಲಿ ಗಾಡಿ ತಿರುಗಿಸಿದಾಗ ಮೂಡುವ ಗುರುತು ನೋಡಿದ್ದೀರಲ್ಲ, ಮುಂದಿನ ಚಕ್ರದ ಗೆರೆ ಹೊರಗಿರುತ್ತದೆ, ಹಿಂದಿನದು ಒಳಗೆ ಕತ್ತರಿಸಿಕೊಂಡು ಹೋಗುತ್ತದೆ. ಲೆಕ್ಕ ಹಾಕೋಣ. ಮುಂದಿನ ಆಕ್ಸಲ್‌ಗೂ ಹಿಂದಿನ ಆಕ್ಸಲ್‌ಗೂ ನಡುವೆ ಎರಡೂವರೆ ಮೀಟರ್ ಇರುವ ಗಾಡಿ ಎನ್ನಿ. ಹಿಂದಿನ ಆಕ್ಸಲ್ಲಿನ ಮಧ್ಯಭಾಗ 6 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗಿದರೆ ಮುಂದಿನದು 6.5 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ಒಂದು ಪೂರ್ತಿ ಸುತ್ತಿಗೆ ಮುಂಭಾಗ ಸುಮಾರು 3 ಮೀಟರ್ ಹೆಚ್ಚು ದೂರ ಹೋಗಬೇಕು. ಟೈರಿನ ಸುತ್ತಳತೆ 2.2 ಮೀಟರ್ ಎಂದಿಟ್ಟುಕೊಂಡರೆ ಮುಂದಿನ ಚಕ್ರಗಳು ಒಂದಕ್ಕಿಂತ ಹೆಚ್ಚು ಸುತ್ತು ಜಾಸ್ತಿ ತಿರುಗಬೇಕು.

ಆದರೆ 4ಎಚ್‌ನಲ್ಲಿ ಮುಂದೆ ಹಿಂದೆ ಎರಡೂ ಬೆಸೆದುಕೊಂಡಿವೆ. ಹೆಚ್ಚು ತಿರುಗಬೇಕಾದ ಚಕ್ರಕ್ಕೆ ತಿರುಗಲು ಬಿಡುವಿಲ್ಲ. ಮರಳಿನ ಮೇಲೆ ತೊಂದರೆಯಿಲ್ಲ, ಟೈರು ಒಂದಿಷ್ಟು ಜಾರಿ ಆ ವ್ಯತ್ಯಾಸವನ್ನು ತೀರಿಸಿಕೊಳ್ಳುತ್ತದೆ. ಒಣ ಟಾರಿನ ಮೇಲೆ ಟೈರು ಜಾರುವುದಿಲ್ಲ. ಆಗ ಆ ವ್ಯತ್ಯಾಸವೆಲ್ಲ ಶಾಫ್ಟುಗಳಲ್ಲಿ, ಗೇರುಗಳಲ್ಲಿ ತಿರುಚಿಕೊಂಡು ಕೂರುತ್ತದೆ. ಬಾವಿಯ ಹಗ್ಗವನ್ನು ಹಿಂಡಿ ಹಿಂಡಿ ತಿರುಚಿದ ಹಾಗೆ. ಇಂಗ್ಲಿಷಿನಲ್ಲಿ ಇದಕ್ಕೆ ವೈಂಡ್‌ಅಪ್ ಎನ್ನುತ್ತಾರೆ.

ಅದರ ಲಕ್ಷಣ ಗುರುತಿಸಿಕೊಳ್ಳಿ. ಸ್ಟೀರಿಂಗ್ ಭಾರವಾಗುತ್ತದೆ. ತಿರುವಿನಲ್ಲಿ ಯಾರೋ ಬ್ರೇಕ್ ಹಿಡಿದಂತೆ ಗಾಡಿ ತಡೆಯುತ್ತದೆ. ಟೈರು ಕೀರಲು ದನಿ ಮಾಡುತ್ತದೆ. ಮತ್ತೆ 2ಎಚ್‌ಗೆ ಹಾಕಲು ಹೋದರೆ ಲಿವರ್ ಜಪ್ಪಯ್ಯ ಎಂದರೂ ಬರುವುದಿಲ್ಲ. ಇಲ್ಲಿಯೇ ಅನೇಕರು ಎರಡೂ ಕೈ ಹಾಕಿ ಎಳೆಯುವುದು, ಕಾಲಿನಲ್ಲಿ ಒದೆಯುವುದು. ದಯವಿಟ್ಟು ಬೇಡ. ಒಳಗೆ ಲಿವರಿನಿಂದ ಸರಿಯುವ ಫೋರ್ಕ್ ಬಗ್ಗಿದರೆ ಇಡೀ ಬಾಕ್ಸ್ ಬಿಚ್ಚಬೇಕಾಗುತ್ತದೆ. ಔಷಧಿ ಸುಲಭ. ರಿವರ್ಸ್ ಹಾಕಿ ಬಂದ ದಾರಿಯಲ್ಲೇ ಕೆಲವು ಮೀಟರ್ ಹಿಂದೆ ಹೋಗಿ. ತಿರುಚಿಕೊಂಡದ್ದು ಬಿಚ್ಚಿಕೊಳ್ಳುತ್ತದೆ. ಲಿವರಿನ ಮೇಲೆ ಹಗುರವಾಗಿ ಕೈಯಿಟ್ಟಿದ್ದರೆ ಸಾಕು, ತಾನಾಗಿ ಹೊರಬರುತ್ತದೆ.

ಇದಕ್ಕೆ ಸೇರಿದ ಇನ್ನೊಂದು ಮಾತು ಟೈರಿನದು. ಮುಂದೆ ಹೊಸ ಟೈರು, ಹಿಂದೆ ಪೂರ್ತಿ ಸವೆದ ಟೈರು, ಅಥವಾ ಬೇರೆ ಬೇರೆ ಅಳತೆಯ ಟೈರು ಹಾಕಿದರೆ ಗಾಡಿ ನೇರ ಹೋಗುವಾಗಲೂ ಮುಂದೆ ಹಿಂದೆ ಸುತ್ತು ಹೊಂದುವುದಿಲ್ಲ. ಫೋರ್‌ವೀಲ್ ಗಾಡಿಗೆ ನಾಲ್ಕೂ ಒಂದೇ ಅಳತೆಯ, ಹೆಚ್ಚುಕಡಿಮೆ ಒಂದೇ ಸವೆತದ ಟೈರು ಇರಬೇಕು.

ಈವರೆಗೆ ಹೇಳಿದ್ದು ಬೇಕೆಂದಾಗ ಮಾತ್ರ ಫೋರ್‌ವೀಲ್ ಹಾಕುವ ಗಾಡಿಗಳ ವಿಷಯ. ಯಾವಾಗಲೂ ನಾಲ್ಕು ಚಕ್ರದಲ್ಲೇ ಓಡುವ ಹಳೆಯ ಗಾಡಿಗಳೂ ಇವೆ. 1970ರ ರೇಂಜ್ ರೋವರ್, ಆಮೇಲೆ ಬಂದ ಡಿಫೆಂಡರ್, ರಷ್ಯದ ಲಾಡಾ ನಿವಾ ಈ ಜಾತಿಯವು. ಇವುಗಳ ಟ್ರಾನ್ಸ್‌ಫರ್ ಬಾಕ್ಸಿನೊಳಗೆ ಮೂರನೆಯದೊಂದು ಡಿಫರೆನ್ಷಿಯಲ್ ಇರುತ್ತದೆ. ಅದು ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಕೊಡುತ್ತದೆ. ಹಾಗಾಗಿ ಟಾರು ರಸ್ತೆಯಲ್ಲೂ ಚಿಂತೆಯಿಲ್ಲ. ಆದರೆ ಅದಕ್ಕೊಂದು ಕುಂದೂ ಇದೆ. ಡಿಫರೆನ್ಷಿಯಲ್ ಯಾವಾಗಲೂ ಸುಲಭವಾಗಿ ತಿರುಗುವ ಕಡೆಗೇ ಒಲಿಯುತ್ತದೆ. ಒಂದೇ ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅಥವಾ ಮರಳಿನಲ್ಲಿ ಗಿರಗಿರನೆ ತಿರುಗಿದರೆ ಉಳಿದ ಮೂರೂ ಸುಮ್ಮನೆ ನಿಲ್ಲುತ್ತವೆ. ಅದಕ್ಕಾಗಿ ಡಿಫ್ ಲಾಕ್. ಡಿಫೆಂಡರಿನಲ್ಲಿ ಅದೇ ಸಣ್ಣ ಲಿವರನ್ನು ಎಡಕ್ಕೆ ಸರಿಸಿದರೆ ಡಿಫ್ ಲಾಕ್ ಬೀಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ನಿವಾದಲ್ಲಿ ಹೈ ಲೋ ಬದಲಿಸಲು ಒಂದು, ಡಿಫ್ ಲಾಕಿಗೆ ಇನ್ನೊಂದು ಎಂದು ಎರಡು ಪುಟ್ಟ ಲಿವರುಗಳಿವೆ.

ಡಿಫ್ ಲಾಕ್ ಹಾಕಿದ ಕ್ಷಣದಿಂದ ಈ ಗಾಡಿಯೂ 4ಎಚ್ ಹಾಕಿದ ಪೆಟ್ರೋಲ್ ಗಾಡಿಯ ಹಾಗೆಯೇ. ಟಾರಿಗೆ ಬಂದ ಮೇಲೆ ತೆಗೆಯಲೇಬೇಕು. ತೆಗೆದ ಮೇಲೂ ದೀಪ ಆರದಿದ್ದರೆ ಒಳಗಿನ್ನೂ ಬಿಗಿ ಉಳಿದಿದೆ ಎಂದರ್ಥ. ಸ್ವಲ್ಪ ದೂರ ನೇರ ಹೋಗಿ ಅಥವಾ ತುಸು ರಿವರ್ಸ್ ಬನ್ನಿ, ಆರುತ್ತದೆ.

ಅದಕ್ಕಿಂತ ಹಳೆಯ ಸೀರೀಸ್ ಲ್ಯಾಂಡ್ ರೋವರುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರೂ ನಮ್ಮಲ್ಲಿದ್ದಾರೆ. ಅವುಗಳಲ್ಲಿ ಗೇರ್ ಲಿವರ್ ಬಿಟ್ಟು ಇನ್ನೆರಡು ಲಿವರುಗಳು. ಒಂದಕ್ಕೆ ಹಳದಿ ಗುಂಡು, ಇನ್ನೊಂದಕ್ಕೆ ಕೆಂಪು ಗುಂಡು. ಹಳದಿಯನ್ನು ಕೆಳಗೆ ಒತ್ತಿದರೆ 4ಎಚ್. ಕೆಂಪನ್ನು ಪೂರ್ತಿ ಹಿಂದಕ್ಕೆ ಎಳೆದರೆ 4ಎಲ್. ವಿಶೇಷ ಏನೆಂದರೆ ಹಳದಿಯನ್ನು ಒತ್ತಿದ ಮೇಲೆ ಕೈಯಲ್ಲಿ ಎತ್ತಿ ತೆಗೆಯಲಾಗುವುದಿಲ್ಲ. ಗಾಡಿ ನಿಲ್ಲಿಸಿ, ಕೆಂಪು ಲಿವರನ್ನು ಹಿಂದಕ್ಕೆ ಎಳೆದು ಮತ್ತೆ ಪೂರ್ತಿ ಮುಂದಕ್ಕೆ ತಳ್ಳಬೇಕು. ಆಗ ಹಳದಿ ತಾನೇ ಸ್ಪ್ರಿಂಗಿನಿಂದ ಮೇಲೆ ಹಾರುತ್ತದೆ. ಇದು ಗೊತ್ತಿಲ್ಲದೆ ಹಳದಿ ಕೆಟ್ಟಿದೆ ಎಂದು ಮೆಕ್ಯಾನಿಕ್ ಹತ್ತಿರ ಹೋಗುವವರುಂಟು.

ಊರಿಗೆ ಹೋದಾಗ ಕೊಡಗಿನ ಮಾಂದಲಪಟ್ಟಿಗೆ ಜೀಪಿನಲ್ಲಿ ಹೋಗಿದ್ದರೆ ಡ್ರೈವರ್ ಪಕ್ಕದಲ್ಲಿ ಎರಡು ಸಣ್ಣ ಲಿವರುಗಳನ್ನು ಗಮನಿಸಿರಬಹುದು. ಹಳೆಯ ಮಹೀಂದ್ರ ಜೀಪುಗಳು ವಿಲ್ಲಿಸ್ ಜೀಪಿನ ಮನೆತನದವು. ಒಂದು ಲಿವರ್ ಮುಂದಿನ ಆಕ್ಸಲನ್ನು ಸೇರಿಸುವುದಕ್ಕೆ, ಇನ್ನೊಂದು ಹೈ ಲೋ ಬದಲಿಸುವುದಕ್ಕೆ. ವಿಲ್ಲಿಸ್‌ನಲ್ಲಿ ಮುಂದಿನ ಆಕ್ಸಲ್ ಸೇರಿಸದೆ ಲೋ ಬೀಳುವುದೇ ಇಲ್ಲ. ಅಷ್ಟು ಎಳೆತವೆಲ್ಲ ಹಿಂದಿನ ಒಂದೇ ಆಕ್ಸಲ್ ಮೇಲೆ ಬಿದ್ದು ಮುರಿಯಬಾರದು ಎಂಬ ಮುನ್ನೆಚ್ಚರಿಕೆ ಅದು.

ಕೆಲವು ಗಾಡಿಗಳಲ್ಲಿ ಲಿವರ್ ಹಾಕಿದರಷ್ಟೇ ಸಾಲದು. ಮುಂದಿನ ಚಕ್ರಗಳ ನಡುವೆ ತಿರುಗಿಸುವ ಹಬ್ ಇರುತ್ತದೆ, ಫ್ರೀ ಮತ್ತು ಲಾಕ್ ಎಂದು ಬರೆದಿರುತ್ತದೆ. ಫ್ರೀಯಲ್ಲಿದ್ದರೆ ಲಿವರ್ 4ಎಚ್ ಹಾಕಿದರೂ ಶಕ್ತಿ ಹಬ್‌ವರೆಗೆ ಬಂದು ಚಕ್ರಕ್ಕೆ ಮುಟ್ಟದೆ ನಿಲ್ಲುತ್ತದೆ. ದೀಪ ಹತ್ತುತ್ತದೆ, ಫೋರ್‌ವೀಲ್ ಮಾತ್ರ ಇಲ್ಲ. ಮರಳಿಗೆ ಇಳಿಯುವ ಮೊದಲು, ಗಟ್ಟಿ ನೆಲದಲ್ಲಿದ್ದಾಗಲೇ ಇಳಿದು ಎರಡೂ ಹಬ್ ಲಾಕ್ ಮಾಡಿ. ಹೂತ ಮೇಲೆ ಮರಳು ತೋಡಿ ಹಬ್ ಹುಡುಕುವುದು ಬೇಡ.

ಈಗ ಯಾವುದನ್ನು ಯಾವಾಗ, ಹೇಗೆ ಹಾಕುವುದು ಎಂಬುದಕ್ಕೆ ಬರೋಣ.

2ಎಚ್‌ನಿಂದ 4ಎಚ್‌ಗೆ ಹಬ್ ಲಾಕ್ ಆಗಿದ್ದರೆ ಹೆಚ್ಚಿನ ಗಾಡಿಗಳಲ್ಲಿ ನಿಧಾನವಾಗಿ ಹೋಗುತ್ತಿರುವಾಗಲೂ ಹಾಕಬಹುದು. ಗಾಡಿ ನೇರ ಹೋಗುತ್ತಿರಬೇಕು, ಆಕ್ಸಿಲರೇಟರಿನಿಂದ ಕಾಲು ತೆಗೆದಿರಬೇಕು, ಹಿಂದಿನ ಚಕ್ರ ಜಾರುತ್ತಿರಬಾರದು. ಎಷ್ಟು ವೇಗದವರೆಗೆ ಎಂಬುದು ನಿಮ್ಮ ಗಾಡಿಯ ಪುಸ್ತಕದಲ್ಲಿದೆ, ಅದನ್ನೇ ನಂಬಿ. 4ಎಲ್ ಹಾಕಲು ಮಾತ್ರ ಗಾಡಿ ನಿಲ್ಲಿಸಿ. ಮ್ಯಾನುಯಲ್ ಆದರೆ ಕ್ಲಚ್ ಪೂರ್ತಿ ಒತ್ತಿ, ಆಟೋಮ್ಯಾಟಿಕ್ ಆದರೆ ದೊಡ್ಡ ಲಿವರನ್ನು ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಹಿಡಿದು, ಸಣ್ಣ ಲಿವರನ್ನು ಅಳುಕದೆ ಒಂದೇ ಸಲಕ್ಕೆ ಸರಿಸಿ. ಒಳಗೆ ಹೋಗದೆ ಹಲ್ಲು ಕಡಿದ ಸದ್ದು ಬಂದರೆ ಹಲ್ಲಿಗೆ ಹಲ್ಲು ಎದುರು ನಿಂತಿದೆ ಎಂದರ್ಥ. ಗಾಡಿಯನ್ನು ಒಂದು ಅಡಿ ಮುಂದೆ ಸರಿಸಿ ಮತ್ತೆ ಪ್ರಯತ್ನಿಸಿ.

ಮರಳಿಗೆ ಇಳಿಯುವ ಮುಂಚೆ ಮೊದಲ ಕೆಲಸ ಟೈರಿನ ಗಾಳಿ ಇಳಿಸುವುದು. ಇಲ್ಲಿಯವರು ಸಾಮಾನ್ಯವಾಗಿ 15ರಿಂದ 18 ಪಿಎಸ್‌ಐಗೆ ಇಳಿಸುತ್ತಾರೆ. ಗಾಳಿ ಇಳಿಸದ ಟೈರಿಗೆ ಯಾವ ಲಿವರೂ ಸಹಾಯ ಮಾಡದು. ಆಮೇಲೆ 4ಎಚ್, ಡಿಫೆಂಡರ್ ಆದರೆ ಡಿಫ್ ಲಾಕ್. ಮರಳಿನಲ್ಲಿ ಬಹುಪಾಲು ಓಡಾಟಕ್ಕೆ ಇಷ್ಟೇ ಸಾಕು, ಯಾಕೆಂದರೆ ಅಲ್ಲಿ ಒಂದಿಷ್ಟು ವೇಗ ಬೇಕು. ದೊಡ್ಡ ದಿಬ್ಬ, ತೀರಾ ಮೆತ್ತನೆ ಜಾಗ, ಅಥವಾ ಹೂತು ಹೊರಬರಬೇಕಾದಾಗ 4ಎಲ್. ಆಗ ಮೊದಲನೇ ಗೇರಿನಲ್ಲಿ ಹೊರಡಬೇಡಿ, ಚಕ್ರ ಒಮ್ಮೆಲೆ ತಿರುಗಿ ಇನ್ನಷ್ಟು ತೋಡಿಕೊಳ್ಳುತ್ತದೆ. ಎರಡನೆಯದರಲ್ಲಿ ಮೆಲ್ಲನೆ ಹೊರಡಿ. ಗಾಡಿ ಮುಂದೆ ಹೋಗದೆ ಚಕ್ರ ಮಾತ್ರ ತಿರುಗುತ್ತಿದ್ದರೆ ತಕ್ಷಣ ಕಾಲು ತೆಗೆಯಿರಿ. ಸಲಿಕೆ ಹಿಡಿಯುವ ಹೊತ್ತು ಅದು.

ಇಳಿಜಾರಿನ ಮಾತು ಇನ್ನೂ ಮುಖ್ಯ. ಒಮಾನಿನ ಜಬಲ್ ಅಖ್ದರ್‌ಗೆ ನೀವು ಹೋಗಿರಬಹುದು. ಬಿರ್ಕತ್ ಅಲ್ ಮೌಜ್‌ನಿಂದ ಮೇಲೇರುವ ದಾರಿಯಲ್ಲಿ ಪೊಲೀಸರು ಗಾಡಿ ನಿಲ್ಲಿಸಿ ಫೋರ್‌ವೀಲ್ ಇದೆಯೇ ಎಂದು ನೋಡಿಯೇ ಬಿಡುತ್ತಾರೆ. ಮೇಲಿನ ಸೈಕ್ ಪ್ರಸ್ಥಭೂಮಿ ಸುಮಾರು 2000 ಮೀಟರ್ ಎತ್ತರದಲ್ಲಿದೆ. ರಸ್ತೆ ಅಗಲವಾಗಿದೆ, ಒಳ್ಳೆಯ ಟಾರು ಇದೆ. ಹಾಗಾದರೆ ಫೋರ್‌ವೀಲ್ ಯಾಕೆ ಕೇಳುತ್ತಾರೆ ಎಂದು ಅನೇಕರಿಗೆ ಆಶ್ಚರ್ಯ. ಅಲ್ಲಿನ ಇಳಿಜಾರು ಉದ್ದ, ಕಡಿದು. ಬ್ರೇಕ್ ಒತ್ತುತ್ತಲೇ ಇಳಿದರೆ ಬ್ರೇಕ್ ಕಾದು, ಒಂದು ಹೊತ್ತಿನಲ್ಲಿ ಪೆಡಲ್ ಒತ್ತಿದರೂ ಹಿಡಿಯದಂತಾಗುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿದ ಹಳೆಯ ಡ್ರೈವರುಗಳು ಹೇಳುವ ಮಾತೇ ಇಲ್ಲಿಗೂ ಹೊಂದುತ್ತದೆ: ಹತ್ತುವ ಗೇರಿನಲ್ಲೇ ಇಳಿಯಬೇಕು. ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸಬೇಕು. ಲೋ ಇರುವ ಗಾಡಿಯಲ್ಲಿ ಆ ಹಿಡಿತ ಇನ್ನೂ ಬಿಗಿ.

ಡಿಫೆಂಡರಿನಂಥ ಗಾಡಿಯಲ್ಲಿ ಅಲ್ಲಿ ಲೋ ಹಾಕಿ, ಡಿಫ್ ಲಾಕ್ ಹಾಕದೆ ಇಳಿಯಬಹುದು. ಪೆಟ್ರೋಲ್, ಜಿಪ್ಸಿಯಂಥ ಗಾಡಿಯಲ್ಲಿ 4ಎಲ್ ಹಾಕಿ ಒಣ ಟಾರಿನ ಹೇರ್‌ಪಿನ್ ತಿರುವುಗಳನ್ನು ತಿರುಗಿಸಿದರೆ ಆಗಲೇ ಹೇಳಿದ ಬಿಗಿ ಶುರುವಾಗುತ್ತದೆ. ಅಂಥ ಗಾಡಿಯಲ್ಲಿ 2ಎಚ್‌ನಲ್ಲೇ ಮೊದಲ ಅಥವಾ ಎರಡನೇ ಗೇರು ಹಾಕಿ ನಿಧಾನವಾಗಿ ಇಳಿಯಿರಿ, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಿ. ಕೈಯಲ್ಲಿ ತಿರುಗಿಸುವ ಹಬ್ ಇರುವ ಗಾಡಿಯಲ್ಲಿ ಇನ್ನೊಂದು ಉಪಾಯವಿದೆ. ಹಬ್ ಫ್ರೀ ಇಟ್ಟು 4ಎಲ್ ಹಾಕಿದರೆ ಹಿಂದಿನ ಚಕ್ರಗಳಿಗೆ ಮಾತ್ರ ಲೋ ಸಿಗುತ್ತದೆ, ತಿರುವಿನಲ್ಲಿ ಬಿಗಿಯೂ ಆಗದು. ಆದರೆ ಈ ಸ್ಥಿತಿಯಲ್ಲಿ ಭಾರ ಎಳೆಯಬೇಡಿ, ಬಂಡೆ ಹತ್ತಿಸಬೇಡಿ. ವಿಲ್ಲಿಸ್‌ನವರು ಯಾವ ಹೊರೆಗೆ ಹೆದರಿ ಆ ತಡೆ ಇಟ್ಟರೋ ಅದೇ ಹೊರೆ ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ.

ಕಡಿದಾದ ಮಣ್ಣಿನ ಅಥವಾ ಕಲ್ಲಿನ ಇಳಿಜಾರಿನಲ್ಲಿ 4ಎಲ್, ಮೊದಲನೇ ಗೇರು, ಕ್ಲಚ್ ಮೇಲಿಂದ ಕಾಲು ಪೂರ್ತಿ ದೂರ. ಗಾಬರಿಯಲ್ಲಿ ಕ್ಲಚ್ ಒತ್ತಿದಿರೋ, ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ಕೈಬಿಟ್ಟಂತೆ ಓಡುತ್ತದೆ. ಇಳಿಜಾರಿನ ನಡುವೆ ಸಣ್ಣ ಲಿವರನ್ನಂತೂ ಮುಟ್ಟಲೇಬಾರದು. ಏನು ಹಾಕಬೇಕೋ ಅದನ್ನು ಮೇಲೆ, ಸಮತಟ್ಟಿನಲ್ಲಿ ನಿಂತು ಹಾಕಿಕೊಂಡೇ ಇಳಿಯಬೇಕು. ಯಾಕೆಂದರೆ 4ಎಚ್‌ಗೂ 4ಎಲ್‌ಗೂ ನಡುವೆ ಇರುವುದು ಎನ್. ಲಿವರ್ ಅಲ್ಲಿ ಸಿಕ್ಕಿಕೊಂಡರೆ ಎಂಜಿನ್‌ಗೂ ಚಕ್ರಕ್ಕೂ ಸಂಬಂಧವೇ ಇಲ್ಲ.

ಹೀಗೆ ನ್ಯೂಟ್ರಲ್ ಮಾತಿಗೆ ಬಂದೆವು. ಇದನ್ನು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿ. ಟ್ರಾನ್ಸ್‌ಫರ್ ಬಾಕ್ಸ್ ನ್ಯೂಟ್ರಲ್‌ನಲ್ಲಿದ್ದರೆ, ಮ್ಯಾನುಯಲ್ ಗಾಡಿಯನ್ನು ಮೊದಲನೇ ಗೇರಿನಲ್ಲಿ ನಿಲ್ಲಿಸಿದರೂ, ಆಟೋಮ್ಯಾಟಿಕ್ ಗಾಡಿಯನ್ನು ಪಾರ್ಕ್‌ನಲ್ಲಿ ನಿಲ್ಲಿಸಿದರೂ ಗಾಡಿ ಉರುಳುತ್ತದೆ. ಪಾರ್ಕ್ ಹಿಡಿಯುವುದು ಗೇರ್‌ಬಾಕ್ಸನ್ನು, ಕೊಂಡಿ ತಪ್ಪಿರುವುದು ಅದರ ಹಿಂದೆ. ವಿಂಚ್ ಅಥವಾ ಪಂಪು ಓಡಿಸಲು, ಇಲ್ಲವೇ ಗಾಡಿಯನ್ನು ಎಳೆದೊಯ್ಯಲು ಆ ಸ್ಥಾನ ಕೊಟ್ಟಿದ್ದಾರೆ, ಗಾಡಿ ನಿಲ್ಲಿಸಲು ಅಲ್ಲ. ಸಣ್ಣ ಮಕ್ಕಳು ಡ್ರೈವರ್ ಸೀಟಿನಲ್ಲಿ ಕೂತು ಆಡುವಾಗ ಮೊದಲು ಕೈ ಹೋಗುವುದು ಈ ಸಣ್ಣ ಲಿವರಿಗೇ ಎಂಬುದನ್ನು ನೆನಪಿಡಿ. ಹ್ಯಾಂಡ್‌ಬ್ರೇಕ್ ಸದಾ ಎಳೆದಿರಲಿ.

ಆ ಹ್ಯಾಂಡ್‌ಬ್ರೇಕಿನಲ್ಲೂ ಒಂದು ಸೂಕ್ಷ್ಮವಿದೆ. ಹಳೆಯ ಲ್ಯಾಂಡ್ ರೋವರುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಬಾಕ್ಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಮೇಲಿದೆ. ನಾಲ್ಕೂ ಚಕ್ರ ನೆಲದ ಮೇಲಿದ್ದಾಗ ಅದು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಪಂಕ್ಚರ್ ಆಗಿ ಹಿಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿದಿರಿ ಎನ್ನಿ. ಎತ್ತಿದ ಚಕ್ರ ಒಂದು ದಿಕ್ಕಿಗೆ ತಿರುಗುತ್ತದೆ, ನೆಲದ ಮೇಲಿನ ಚಕ್ರ ಇನ್ನೊಂದು ದಿಕ್ಕಿಗೆ ಉರುಳುತ್ತದೆ, ಶಾಫ್ಟ್ ನಿಂತಲ್ಲೇ ನಿಂತಿರುತ್ತದೆ. ಗಾಡಿ ಜಾಕಿಯಿಂದ ಬೀಳುತ್ತದೆ. ಅದಕ್ಕೆ ಚಕ್ರ ಎತ್ತುವ ಮೊದಲು ಡಿಫ್ ಲಾಕ್ ಹಾಕಿ, ಗೇರಿನಲ್ಲಿಡಿ. ಇದಕ್ಕಿಂತ ಮುಖ್ಯವಾಗಿ, ಉಳಿದ ಚಕ್ರಗಳಿಗೆ ಹಿಂದೆ ಮುಂದೆ ದಪ್ಪ ಕಲ್ಲು ಕೊಡಿ. ಗಾಡಿ ಯಾವುದೇ ಇರಲಿ, ಕಲ್ಲು ಕೊಡುವ ಅಭ್ಯಾಸ ಒಳ್ಳೆಯದು.

ಕೊನೆಯದಾಗಿ ಹಳೆಯ ಗಾಡಿ ಕೊಳ್ಳಲು ಹೊರಟವರಿಗೆ ಎರಡು ಮಾತು. ಟಾರು ರಸ್ತೆಯಲ್ಲಿ ಓಡಿಸಿ ನೋಡಿ ವ್ಯಾಪಾರ ಮುಗಿಸಬೇಡಿ. ಮರಳೋ ಜಲ್ಲಿಯೋ ಇರುವ ಬಯಲಿಗೆ ತರಿಸಿ. ಲಿವರನ್ನು ಪ್ರತಿ ಸ್ಥಾನಕ್ಕೂ ನೀವೇ ಹಾಕಿ ನೋಡಿ. ದೀಪ ಹತ್ತಿದರಷ್ಟೇ ಸಾಲದು, ಮುಂದಿನ ಚಕ್ರ ನಿಜವಾಗಿ ಎಳೆಯುತ್ತಿದೆಯೇ ಎಂದು ಹೊರಗೆ ಒಬ್ಬರನ್ನು ನಿಲ್ಲಿಸಿ ನೋಡಿಸಿ. 4ಎಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಲಿವರ್ ತಾನಾಗಿ ಹೊರಗೆ ಹಾರಿದರೆ ಒಳಗೆ ಸವೆದಿದೆ. ಬಾಕ್ಸಿನ ಕೆಳಗೆ ಎಣ್ಣೆ ಜಿನುಗುತ್ತಿದೆಯೇ ನೋಡಿ. ಟ್ರಾನ್ಸ್‌ಫರ್ ಬಾಕ್ಸಿಗೆ ಪ್ರತ್ಯೇಕ ಎಣ್ಣೆ ಇದೆ, ಎಂಜಿನ್ ಆಯಿಲ್ ಬದಲಿಸಿದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಕೊಂಡ ಮೇಲೆ ತಿಂಗಳಿಗೊಮ್ಮೆಯಾದರೂ ಜಲ್ಲಿ ನೆಲದಲ್ಲಿ ಫೋರ್‌ವೀಲ್ ಹಾಕಿ ಸ್ವಲ್ಪ ದೂರ ಓಡಿಸಿ. ವರ್ಷಗಟ್ಟಲೆ ಮುಟ್ಟದ ಲಿವರ್ ಬೇಕಾದ ದಿನ ಕದಲುವುದಿಲ್ಲ.

ಮುಂದಿನ ವಾರ ಹೊರಡುವವರು ಈ ವಾರವೇ ಒಂದು ಸಂಜೆ ಬಿಡುವು ಮಾಡಿಕೊಂಡು, ಗಾಡಿಯ ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಸಮತಟ್ಟಾದ ಮರಳಿನಲ್ಲಿ ಇವನ್ನೆಲ್ಲ ಒಮ್ಮೆ ಮಾಡಿ ನೋಡಿ. ಜೊತೆಗೆ ಬರುವ ಇನ್ನೊಬ್ಬರಿಗೂ ಕಲಿಸಿಕೊಡಿ, ಡ್ರೈವರಿಗೇ ಆರೋಗ್ಯ ತಪ್ಪಿದರೆ ಗಾಡಿಯನ್ನು ಹೊರಗೆ ತರಬೇಕಾದವರು ಅವರೇ. ಎಲ್ಲರೂ ಸುಖವಾಗಿ ಹೋಗಿ, ಸುಖವಾಗಿ ಮನೆಗೆ ಬನ್ನಿ.